ಬೇಗಂ ನಾಪತ್ತೆ

ಇನಾಯತ್ ಉಲ್ಲಾನ ಆರು ಪಾರಿವಾಳಗಳು ಕಾಣೆಯಾಗಿವೆ ಎಂದು ಸೋಮವಾರ ಬೆಳಿಗ್ಗೆ ರೈಲ್ವೆ ಪಾರ್ಸಲ್ ಆಫೀಸಿನ ಆಳು ಬಂದು ಹೇಳಿದಾಗ, ಆ ಆರೂ ಪಾರಿವಾಳಗಳು ಶಿವಾಜಿನಗರದ ಅವನ ತಾರಸಿಯ ಮೇಲೆ ಜೋಳ ಹೆಕ್ಕುತ್ತಿದ್ದವು. ಅವುಗಳಲ್ಲಿ ಬೇಗಂ ಎಂಬ ಬೂದು ಬಣ್ಣದ ಹೆಣ್ಣನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವನು ಪಾರ್ಸಲ್ ಆಫೀಸಿಗೆ ಓಡಿದ.

"ಕಳ್ದೋಗಿಲ್ಲ ಸಾರ್, ಮನೇಗೆ ಬಂದ್ಬಿಟ್ಟಿವೆ," ಎಂದು ಹಕ್ಕಿಯನ್ನೇ ಕೌಂಟರಿನ ಮೇಲಿಟ್ಟ.

ಗುಮಾಸ್ತ ಶಿವಶಂಕರಪ್ಪ ಹಾವೇರಿ ಕಡೆಯವನು, ಸಭ್ಯ ಮನುಷ್ಯ. ಹಕ್ಕಿಯನ್ನು ನೋಡಿದ, ಎದುರಿಗಿದ್ದ ಕಾಗದವನ್ನು ನೋಡಿದ, ಕಾಗದವನ್ನೇ ನಂಬಿದ.

"ಮನೀಗೆ ಹೆಂಗ ಬರ್ತಾವ್ರಿ? ನೀವು ಬುಕ್ ಮಾಡಿದ್ದು ಆಂಧ್ರಕ್ಕ. ಬಾಡಿಗಿ ಕಟ್ಟಿದ್ದು ಹೋಗಾಕ ಅಷ್ಟ. ವಾಪಸ್ ಬರಾಕ ಎಲ್ಲಿ ಬುಕ್ ಮಾಡೀರಿ?"

"ಹಾರ್ಕೊಂಡು ಬಂದ್ವು ಸಾರ್. ರೇಸು ಅಂದ್ರೆ ಅದೇ ಅಲ್ವಾ?"

ರೇಸಿನ ಕ್ರಮ ಸರಳವಾದದ್ದು, ಒಬ್ಬೊಬ್ಬರಿಗೆ ಒಂದೊಂದು ಭಾನುವಾರ. ಹಕ್ಕಿಗಳ ಬುಟ್ಟಿಯನ್ನು ರೈಲಿಗೆ ಹಾಕುವುದು; ದೂರದ ಸ್ಟೇಷನ್ನಿನ ಗುಮಾಸ್ತ ಅದರ ಮುಚ್ಚಳ ತೆಗೆದು ಹಾರಿಬಿಡುವುದು; ಬಿಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು ಸೀಲು ಒತ್ತುವುದು. ಹಕ್ಕಿ ಮನೆ ಮುಟ್ಟಿದ ಹೊತ್ತನ್ನು ಇಲ್ಲಿ ಪಾರಿವಾಳ ಕ್ಲಬ್ಬಿನವರು ನೋಡಿಕೊಳ್ಳುತ್ತಾರೆ. ಆಂಧ್ರದ ಆ ಸ್ಟೇಷನ್ನಿನಲ್ಲಿ ಇಷ್ಟು ವರ್ಷ ಮುಚ್ಚಳ ತೆಗೆಯುತ್ತಿದ್ದ ಹಳೇ ಗುಮಾಸ್ತ ಮೊನ್ನೆ ತಾನೇ ನಿವೃತ್ತನಾಗಿದ್ದ. ಹೊಸಬನಿಗೆ ರೂಲ್ಸು ಗೊತ್ತಿತ್ತು, ಪಾರಿವಾಳ ಗೊತ್ತಿರಲಿಲ್ಲ. ಸರಕು ಸರಿಯಾಗಿದೆಯೇ ಎಂದು ಎಣಿಸಿಕೊಳ್ಳಲು ಅವನೂ ಮುಚ್ಚಳ ತೆಗೆದ. ಎಣಿಸುವುದಕ್ಕೆ ಏನೂ ಉಳಿಯಲಿಲ್ಲ. 'ಬುಟ್ಟಿ ಖಾಲಿ, ಸರಕು ನಾಪತ್ತೆ, ಭಾನುವಾರ ಬೆಳಿಗ್ಗೆ ಆರೂಮುಕ್ಕಾಲು' ಎಂದು ವರದಿ ಬರೆದು, ಬುಟ್ಟಿಯ ಜೊತೆಗೆ ಕಳಿಸಿ ಕೈತೊಳೆದುಕೊಂಡ.

ಇನಾಯತ್ ಉಲ್ಲಾನಿಗೆ ಬೇಕಾಗಿದ್ದದ್ದು ಒಂದೇ ಸಾಲು, ಹಕ್ಕಿಗಳನ್ನು ಇಂಥ ಹೊತ್ತಿಗೆ ಹಾರಿಬಿಡಲಾಯಿತು ಎಂದು. ಏಕೆಂದರೆ ಬೇಗಂ ಆ ವರ್ಷದ ಎಲ್ಲ ಹಕ್ಕಿಗಳಿಗಿಂತ ವೇಗವಾಗಿ, ಹಿಂದಿನ ಭಾನುವಾರ ಹಾರಿದ್ದ ಹಲಸೂರಿನ ದೊಡ್ಡಮುನಿಯಪ್ಪನ ಗಂಡು ಹಕ್ಕಿಗಿಂತಲೂ ವೇಗವಾಗಿ ಮನೆ ಸೇರಿದ್ದಳು. ಬೀಗ ರಿಪೇರಿ ಮಾಡುತ್ತಾ ತಲೆ ನರೆತ ಇನಾಯತ್ ಪ್ರತಿ ವರ್ಷ ಬೇರೆಯವರು ಗೆದ್ದ ಕಪ್ಪಿಗೆ ಚಪ್ಪಾಳೆ ತಟ್ಟಿ ಬಂದವನು. ಈ ಸಲ ತನಗೂ ಯಾರಾದರೂ ತಟ್ಟಲಿ ಎಂಬ ಆಸೆ ಅವನಿಗೆ ವಿಪರೀತವಾಗಿತ್ತು. ಕ್ಲಬ್ಬಿನವರು ಕಪ್ಪು ಕೊಡುವ ಸಭೆ ಆ ಸಂಜೆಯೇ ಇತ್ತು.

"ಹಾರಿಬಿಟ್ಟೀವಿ ಅಂತ ಬರಿಯಾಕ ಬರಂಗಿಲ್ರಿ," ಎಂದ ಶಿವಶಂಕರಪ್ಪ. "ಮಂದಿ ಸರಕು ಹಾರಿಬಿಟ್ರ ನಮ್ಮ ನೌಕರಿ ಹೊಕ್ಕೈತಿ. ಕಳದ್ರ ಹಂಗಲ್ಲ. ಕಳಿಯಾಕ ರೂಲ್ ಐತಿ. ಪರಿಹಾರಾನೂ ಕೊಡತೇವಿ. ಆದ್ರ ದರದ ಪುಸ್ತಕದಾಗ ಪಾರಿವಾಳ ಇಲ್ಲ, ಕೋಳಿ ಐತಿ. ಕೋಳಿ ಅಂತನ ಬುಕ್ ಮಾಡೀವಿ, ಕೋಳಿ ಲೆಕ್ಕದಾಗ ಕೊಡತೇವಿ."

"ಕೋಳಿ ಅಷ್ಟು ದೂರದಿಂದ ಹಾರ್ಕೊಂಡು ಬರುತ್ತಾ ಸಾರ್?"

"ಬರಂಗಿಲ್ಲ. ಅದಕ್ಕ ಕಳದೈತಿ."

ಇನಾಯತ್ ಉಲ್ಲಾ ಪರಿಹಾರ ಬೇಡ ಎಂದ. ಆ ನಾಪತ್ತೆ ವರದಿಯ ನಕಲನ್ನಾದರೂ ಕೊಡಿ ಎಂದು ಬೇಡಿಕೊಂಡ. ಅದರಲ್ಲಿ ಸ್ಟೇಷನ್ನಿನ ಹೆಸರಿತ್ತು, ಸೀಲಿತ್ತು, ಮುಖ್ಯವಾಗಿ ಹಕ್ಕಿ ಬುಟ್ಟಿ ಬಿಟ್ಟ ಹೊತ್ತಿತ್ತು. ಕಪ್ಪು ಗೆಲ್ಲುವುದಕ್ಕೆ ಇನ್ನೇನು ಬೇಕು? ಶಿವಶಂಕರಪ್ಪ ಉದಾರವಾಗಿ ತನ್ನದೂ ಒಂದು ಸೀಲು ಒತ್ತಿ ಕೊಟ್ಟ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಸಂಜೆ ಪೂಜಾರಿಯ ಜಾಗದಲ್ಲಿದ್ದವನು ಕ್ಲಬ್ಬಿನ ಅಧ್ಯಕ್ಷ ದೊಡ್ಡಮುನಿಯಪ್ಪ. ಅವನು ವರದಿಯನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದ.

"ಸೀಲೈತೆ, ಟೈಮೈತೆ. ಎಲ್ಲಾ ಸರಿಯಾಗೈತೆ ಇನಾಯತ್ ಭಾಯ್. ಆದ್ರೆ ಹಕ್ಕಿ ಕಳ್ದೋಗೈತೆ ಅಂತ ಬರ್ದವ್ರಲ್ಲ. ಕಳ್ದೋಗಿರೋ ಹಕ್ಕಿ ಫಸ್ಟ್ ಹೆಂಗ್ ಬರ್ತದೆ?"

"ಇಲ್ಲೇ ಇದೆಯಲ್ಲಣ್ಣ, ನನ್ನ ತೊಡೆ ಮೇಲೆ."

"ಅದು ಬೇಗಂ ಅಂತ ನೀನು ಹೇಳ್ತೀಯ. ಬೇಗಂ ಇಲ್ಲ ಅಂತ ಸೆಂಟ್ರಲ್ ಗೌರ್ಮೆಂಟ್ ಹೇಳ್ತದೆ, ಅದೂ ಎರಡೆರಡು ಸೀಲು ಒತ್ತಿ. ಆ ಪೇಪರ್ ತಂದ್ಕೊಟ್ಟವ್ನೂ ನೀನೇ. ಈಗ ನಾನ್ಯಾರ ಮಾತು ಕೇಳ್ಲಿ?"

ಕಪ್ಪು ಎರಡನೆಯ ಹಕ್ಕಿಗೆ ಹೋಯಿತು. ಅದು ಯಾರ ಹಕ್ಕಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇನಾಯತ್ ಉಲ್ಲಾನಿಗೆ ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೂ ಚಪ್ಪಾಳೆ ತಟ್ಟಿದ, ಅಭ್ಯಾಸಬಲ.

ಸಭೆ ಅಷ್ಟಕ್ಕೇ ಮುಗಿಯಲಿಲ್ಲ. ರೇಸಿಗೆ ಹೋಗಿ ಮರಳದ ಹಕ್ಕಿಗಳಿಗಾಗಿ ಒಂದು ನಿಮಿಷ ಮೌನ ಆಚರಿಸುವುದು ಆ ಕ್ಲಬ್ಬಿನ ಪದ್ಧತಿ. ದೊಡ್ಡಮುನಿಯಪ್ಪ ಕಪ್ಪನ್ನು ಮೇಜಿನ ಮೇಲಿಟ್ಟು, ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು, ಆರೂ ಹಕ್ಕಿಗಳ ಪೈಕಿ ಮೊದಲು ಬೇಗಂಳ ಹೆಸರು ಓದಿದ. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಇನಾಯತ್ ಉಲ್ಲಾನೂ ಎದ್ದು ನಿಂತ. ಅವನ ಕೈಯಲ್ಲಿದ್ದ ಬೇಗಂ ಮಾತ್ರ ಆ ನಿಮಿಷ ಪೂರ್ತಿ ಗುಟುರು ಹಾಕುತ್ತಲೇ ಇದ್ದಳು.