ಮುನ್ನೂರನೆಯ ಹಕ್ಕಿ

"ಆ ಹೆಂಗಸು ಮಾತ್ರ ಬಸ್ಸಿನಿಂದ ಇಳಿಯಕೂಡದು," ಎಂದು ಹಲ್ಲಿನ ಡಾಕ್ಟರು ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

ಬೆಳಗಿನ ಏಳು ಗಂಟೆ. ಮೈ ನಡುಗಿಸುವ ಚಳಿ. ಜೌಗು ನೆಲದ ಅಂಚಿನಲ್ಲಿ ಬಸ್ಸು ನಿಂತಿತ್ತು. ಹೊರಗೆ ದಟ್ಟ ಮಂಜು. ಪಕ್ಷಿವೀಕ್ಷಕರ ಸಂಘದ ಇಪ್ಪತ್ತು ಸದಸ್ಯರು ಟೋಪಿ, ಕೈಗವಸು, ಗಂಬೂಟು ಏರಿಸಿಕೊಂಡು ಇಳಿಯಲು ಕಾಯುತ್ತಿದ್ದರು. ಡಾಕ್ಟರು ಸಂಘದ ಉಪಾಧ್ಯಕ್ಷರು. ಆ ಹೆಂಗಸು ಅಧ್ಯಕ್ಷರ ಹೆಂಡತಿ.

ಆಕೆಗೆ ಸದಸ್ಯರು ಇಟ್ಟ ಹೆಸರು ರೇಡಿಯೋ. ಗಂಡನ ದುರ್ಬೀನು ಒರೆಸುವುದು, ಅದರ ಮುಚ್ಚಳಗಳನ್ನು ತನ್ನ ಹೆಣಿಗೆಯ ಚೀಲಕ್ಕೆ ಹಾಕಿಕೊಳ್ಳುವುದು, ತೋಳು ಹಿಡಿದು ಕರೆದೊಯ್ಯುವುದು, ಎಲ್ಲ ಉಪಚಾರವೂ ಆಕೆಯದೇ. ಆಮೇಲೆ ಶುರುವಾಗುತ್ತಿತ್ತು ಪ್ರಸಾರ. "ರೀ, ಮಫ್ಲರು ಎಡಗಡೆ ಜಾರಿದೆ." "ರೀ, ಎರಡು ಬಿಸ್ಕತ್ತು ತಿನ್ನಿ." "ರೀ, ಆ ನೀಲಿ ಸ್ವೆಟರ್ ತರಬೇಕಿತ್ತು." ಹಕ್ಕಿ ಹುಡುಕುವ ಹೊತ್ತಿನಲ್ಲಿ ಸ್ವೆಟರಿನ ಗೋಳು ಯಾರಿಗೆ ಬೇಕು? ಅಧ್ಯಕ್ಷರು ಮಾತ್ರ ಒಂದು ದಿನವೂ ಸಿಡುಕಿದವರಲ್ಲ. ಅಷ್ಟು ಗಲಾಟೆಯಲ್ಲೂ ಹಕ್ಕಿಯನ್ನು ಮೊದಲು ಗುರುತಿಸುತ್ತಿದ್ದವರು ಅವರೇ. ಡಾಕ್ಟರಿಗೆ ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ.

ಅಧ್ಯಕ್ಷರದು ಕನ್ನಡಕದ ಅಂಗಡಿ. ಊರಿನ ಅರ್ಧ ಮೂಗುಗಳ ಮೇಲೆ ಕೂತಿದ್ದುದು ಅವರ ಅಂಗಡಿಯ ಕನ್ನಡಕಗಳು. ಗೋಡೆಯ ಮೇಲಿನ ಅಕ್ಷರಗಳ ಫಲಕ ಅವರಿಗೆ ಬಾಯಿಪಾಠ. ಅತ್ತ ತಿರುಗಿಯೂ ನೋಡದೆ, "ಮೂರನೇ ಸಾಲು ತಪ್ಪು ಓದಿದ್ರಿ," ಎನ್ನುತ್ತಿದ್ದರು. ಡಾಕ್ಟರ ಕನ್ನಡಕವೂ ಅಲ್ಲಿಯದೇ.

ಸಂಘದಲ್ಲಿ ಒಂದು ನಿಯಮವಿತ್ತು. ಮುನ್ನೂರು ಬಗೆಯ ಹಕ್ಕಿಗಳನ್ನು ಮೊದಲು ಕಂಡವರಿಗೆ ಅಧ್ಯಕ್ಷರ ಕುರ್ಚಿ, ಅದೂ ಆಜೀವ. ಇಬ್ಬರು ಒಟ್ಟಿಗೆ ಮುಟ್ಟಿದರೆ ಚುನಾವಣೆ. ಅಧ್ಯಕ್ಷರು ಇನ್ನೂರ ತೊಂಬತ್ತೊಂಬತ್ತರಲ್ಲಿ ನಿಂತಿದ್ದರು. ಡಾಕ್ಟರೂ ಅಷ್ಟರಲ್ಲೇ. ಹಾಗಾಗಿ ಡಾಕ್ಟರು ಹಿಂದಿನ ವಾರ ಪಟ್ಟು ಹಿಡಿದು ಠರಾವು ಪಾಸು ಮಾಡಿಸಿದ್ದರು: ಹಕ್ಕಿಗಳ ಗಂಧಗಾಳಿ ಇಲ್ಲದವರು ಬಸ್ಸಿನಲ್ಲೇ ಕೂರತಕ್ಕದ್ದು.

"ನಾನಿಲ್ದೆ ಇವರಿಗೆ ಆಗಲ್ಲ ಡಾಕ್ಟ್ರೇ," ಎಂದರು ಆಕೆ.

ಬಸ್ಸಿಗೆ ಬಸ್ಸೇ ನಕ್ಕಿತು.

"ಅವರೇನು ಎಳೇ ಮಗುನಾ ಅಮ್ಮ? ಕೂತ್ಕೊಂಡು ಹೆಣೀರಿ. ನಿಮ್ಮ ದನಿ ಕೇಳಿದ್ರೆ ಬರೋ ಹಕ್ಕಿನೂ ಬರಲ್ಲ."

"ಇರ್ಲಿ ಬಿಡೇ," ಎಂದರು ಅಧ್ಯಕ್ಷರು. ಮುಖ ಬಾಡಿತ್ತು. ಹೆಂಡತಿಯ ಸೆರಗಿಗೆ ಅಂಟಿಕೊಂಡ ಗಂಡಸು ಎಂದು ಹಿಂದಿನ ಸೀಟಿನವರು ಕಣ್ಣು ಮಿಟುಕಿಸಿಕೊಂಡರು.

ಮೆಟ್ಟಿಲಿಳಿಯುವಾಗ ಅಧ್ಯಕ್ಷರು ಸಂಘದ ಕಾರ್ಯದರ್ಶಿಯ ಹೆಗಲ ಮೇಲೆ ಕೈ ಇಟ್ಟರು. ಕಾರ್ಯದರ್ಶಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಸಂಕೋಚದ ಮನುಷ್ಯ. ಇಷ್ಟು ದೊಡ್ಡವರು ತನ್ನ ಹೆಗಲು ಮುಟ್ಟಿದರಲ್ಲ ಎಂದು ಹಿಗ್ಗಿ, ಹಲಗೆ ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿ ನಡೆದರು.

ಜೊಂಡಿನ ನಡುವಿನ ಮರದ ಗುಡಿಸಿಲಲ್ಲಿ ಎಲ್ಲರೂ ಸಾಲಾಗಿ ಕಿಂಡಿಗಳ ಮುಂದೆ ಕೂತರು. ಅಧ್ಯಕ್ಷರು ಕೈಗವಸಿನ ಎರಡೂ ಕೈಗಳಲ್ಲಿ ದುರ್ಬೀನನ್ನು ಬಿಗಿಯಾಗಿ ಹಿಡಿದು ಕಣ್ಣಿಗೊತ್ತಿಕೊಂಡರು. ಒಂದು ಗಂಟೆ ಕಳೆಯಿತು. ಮಂಜು, ಮಂಜು, ಬರೀ ಮಂಜು. ಒಂದು ಬೆಳ್ಳಕ್ಕಿಯಾದರೂ ಬೇಡವೇ?

ಡಾಕ್ಟರಿಗೆ ಒಳಗೊಳಗೇ ಖುಷಿ. "ಏನ್ ಸಾರ್, ಇವತ್ತು ನಿಮ್ಮ ಕಣ್ಣಿಗೆ ಏನೂ ಬೀಳ್ತಿಲ್ವಾ?"

ಎಲ್ಲರೂ ಅತ್ತ ತಿರುಗಿದರು. ಅಷ್ಟು ಚಳಿಯಲ್ಲೂ ಅಧ್ಯಕ್ಷರ ಹಣೆ ಬೆವರಿತು.

"ಅಗೋ!" ಎಂದರು ತಟ್ಟನೆ. "ಜೊಂಡಿನ ಆಚೆ. ಕಪ್ಪು ಕೊಕ್ಕರೆ!"

ಕಪ್ಪು ಕೊಕ್ಕರೆ ಆ ಜೌಗಿಗೆ ಕೊನೆಯ ಸಲ ಬಂದು ಇಪ್ಪತ್ತು ವರ್ಷವಾಗಿತ್ತು. ಯಾರ ಪಟ್ಟಿಯಲ್ಲೂ ಅದು ಇರಲಿಲ್ಲ. ಹತ್ತೊಂಬತ್ತು ದುರ್ಬೀನುಗಳು ಒಟ್ಟಿಗೆ ಜೊಂಡಿನತ್ತ ಹೊರಳಿದವು.

"ಹೌದು... ಕಂಡಿತು," ಎಂದರು ಕಾರ್ಯದರ್ಶಿ ಸಣ್ಣ ದನಿಯಲ್ಲಿ.

"ಅಬ್ಬಾ, ಕುತ್ತಿಗೆ ಹ್ಯಾಗೆ ಮಿಂಚ್ತಿದೆ!" ನಿವೃತ್ತ ಪೋಸ್ಟ್‌ಮಾಸ್ತರು.

"ಒಂದಲ್ಲ, ಜೋಡಿ ಇದೆ," ಎಂದಳು ಮೂಲೆಯಲ್ಲಿದ್ದ ನರ್ಸು.

ಡಾಕ್ಟರು ಕಣ್ಣು ಕಿರಿದು ಮಾಡಿದರು, ಹಿರಿದು ಮಾಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬೂದು ಬಣ್ಣದ ಮಂಜು ಬಿಟ್ಟರೆ ಏನೂ ಇಲ್ಲ. ಊರಿಗೆಲ್ಲ ಕಂಡದ್ದು ತನಗೊಬ್ಬನಿಗೇ ಕಾಣದೆ ಹೋಯಿತೇ? ಇನ್ನು ಅರೆಗಳಿಗೆ ಸುಮ್ಮನಿದ್ದರೆ ಕುರ್ಚಿ ಕೈತಪ್ಪಿತು, ಅದೂ ಆಜೀವ!

"ಕೊಕ್ಕು ಕೆಂಪು! ಕಾಲೂ ಕೆಂಪು!" ಎಂದು ಕಿರುಚಿದರು. "ನಾನು ಆಗಿಂದ ನೋಡ್ತಾನೇ ಇದೀನಿ. ಅಧ್ಯಕ್ಷರು ಹೇಳ್ಲಿ ಅಂತ ಸುಮ್ನಿದ್ದೆ ಅಷ್ಟೇ."

"ಹಾರಿಹೋಯ್ತು," ಎಂದು ಅಧ್ಯಕ್ಷರು ದುರ್ಬೀನು ಇಳಿಸಿದರು.

ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿ ದಾಖಲೆ ಪುಸ್ತಕ ತೆರೆದರು. ಕಣ್ಣಾರೆ ಕಂಡೆನೆಂದು ಸಾಕ್ಷಿಗಳು ಸಹಿ ಹಾಕಿದರಷ್ಟೇ ಹಕ್ಕಿ ಪಟ್ಟಿಗೆ ಸೇರುವುದು. ಡಾಕ್ಟರು ಪುಸ್ತಕ ಕಿತ್ತುಕೊಂಡು ಮೊದಲ ಸಹಿ ಜಡಿದರು. ಕೆಂಪು ಕಾಲಿನ ವಿಚಾರವನ್ನೂ ಪಕ್ಕದಲ್ಲಿ ಬರೆದರು.

ಗದ್ದಲ ಕೇಳಿ ಅಧ್ಯಕ್ಷರ ಹೆಂಡತಿ ಬಸ್ಸಿನಿಂದಿಳಿದು ಫ್ಲಾಸ್ಕು ಹಿಡಿದು ಹಲಗೆ ದಾರಿಯಲ್ಲಿ ಓಡೋಡಿ ಬಂದರು. ನೇರ ಗಂಡನ ಬಳಿ ಹೋದವರು ಎದೆಯ ಮೇಲಿನ ದುರ್ಬೀನನ್ನು ಎರಡೂ ಅಂಗೈಗಳಿಂದ ಮುಚ್ಚಿ ನಿಂತುಬಿಟ್ಟರು.

ತಾವೂ ಮುನ್ನೂರು ಮುಟ್ಟಿದ ಉತ್ಸಾಹದಲ್ಲಿದ್ದ ಡಾಕ್ಟರು ಹತ್ತಿರ ಬಂದು ಕೈ ಚಾಚಿದರು. "ನೀವಿಲ್ದೆ ಹಕ್ಕಿ ಹ್ಯಾಗೆ ಬಂತು ನೋಡಿದ್ರಾ ಅಮ್ಮ? ಆ ದುರ್ಬೀನು ಇಲ್ಲಿ ಕೊಡಿ, ಎಂಥಾದ್ದು ನೋಡೋಣ."

"ಸಹಿ ಆಯ್ತಾ ಡಾಕ್ಟ್ರೇ?"

"ಮೊದಲನೇದೇ ನಂದು!"

"ಹಾಗಾದ್ರೆ ನೋಡಿ," ಎಂದು ಆಕೆ ಕೈ ತೆಗೆದರು.

ಅಧ್ಯಕ್ಷರು ಒಂದು ಗಂಟೆ ಕಾಲ ಕಣ್ಣಿಗೊತ್ತಿಕೊಂಡಿದ್ದ ದುರ್ಬೀನಿನ ಎರಡೂ ಮುಚ್ಚಳಗಳು ಹಾಕಿದಂತೆಯೇ ಇದ್ದವು.

"ಇವರ ಕಣ್ಣು ಹೋಗಿ ಎರಡು ವರ್ಷ ಆಯ್ತು ಡಾಕ್ಟ್ರೇ," ಎಂದರು ಆಕೆ, ಅವರೊಬ್ಬರಿಗೇ ಕೇಳುವಂತೆ. "ನಿಮ್ಮದು ಯಾವಾಗ ಹೋಯ್ತು?"