ಮುಂದಿನ ಗಾಜು

ಬೀರುವಿನಲ್ಲಿ ಹೊದಿಕೆಗಳ ಅಡಿಗೆ ಬಚ್ಚಿಟ್ಟಿದ್ದ ಡಬ್ಬಿ ಕಡೆಗೂ ಮೇಸ್ತ್ರಿಯ ಕೈಗೆ ಸಿಕ್ಕಿಬಿಟ್ಟಿತು. ಟವೆಲ್ಲಿಗಾಗಿ ತಡಕಾಡುತ್ತಿದ್ದವನು ಅದನ್ನು ಹೊರಗೆಳೆದು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ.

"ಚಕ್ರ ಉರುಳಿದ ಸದ್ದು. ಇದರಲ್ಲಿ ಯಾವುದೋ ಗಾಡಿ ಇದೆ. ಯಾರು ತಂದದ್ದು?"

ಹೆಂಡತಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಪ್ಪನ ಹುಟ್ಟುಹಬ್ಬಕ್ಕೆಂದು ಮಗಳು ಮೊದಲೇ ಕೊಂಡಿಟ್ಟಿದ್ದಳು. ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರಿನ ಪುಟ್ಟ ಮಾದರಿ. ಎರಡೇ ಸೀಟು, ಉದ್ದ ಮೂತಿ, ಮೇಲೆ ಮುಚ್ಚಿಗೆ ಇಲ್ಲ. ಬಿಡಿಬಿಡಿ ತುಂಡುಗಳನ್ನೆಲ್ಲ ನಾವೇ ಜೋಡಿಸಬೇಕು. ಆದರೆ ಹುಟ್ಟುಹಬ್ಬ ಬರುವಷ್ಟರಲ್ಲಿ ಅವನಿಗೆ ಉಳಿದಿದ್ದ ಅಷ್ಟಿಷ್ಟು ದೃಷ್ಟಿಯೂ ಆರಿಹೋಯಿತು. ಇನ್ನು ಇದನ್ನು ಕೊಡುವುದೆಂದರೆ ಗಾಯದ ಮೇಲೆ ಬರೆ ಎಳೆದಂತೆ ಎಂದು ತಾಯಿ ಮಗಳು ಸೇರಿ ಅಡಗಿಸಿದ್ದರು. ಎಲ್ಲ ಕೇಳಿ ಮೇಸ್ತ್ರಿ ನಕ್ಕ. ಗಾಡಿಯ ಕೆಳಗೆ ಮಲಗಿ ಎಂಜಿನ್ನಿಗೆ ಕೈ ಹಾಕಿದವನಿಗೆ ಕಣ್ಣು ಎಂದಾದರೂ ಉಪಯೋಗಕ್ಕೆ ಬಂದದ್ದುಂಟೇ, ಅಲ್ಲಿ ನೋಡುವುದೆಲ್ಲ ಬೆರಳೇ ಎಂದ. ಗ್ಯಾರೇಜು ಮುಚ್ಚಿದಾಗಿನಿಂದ ಕುರ್ಚಿಗೆ ಅಂಟಿಕೊಂಡಿದ್ದವನು ಅಂದೇ ಊಟದ ಮೇಜನ್ನು ಖಾಲಿ ಮಾಡಿಸಿದ.

ಹೇಗೆ ಜೋಡಿಸಬೇಕೆಂದು ಓದಿ ಹೇಳುವುದು, ಬಣ್ಣ ಬಳಿಯುವುದು ಹೆಂಡತಿಯ ಪಾಲಿಗೆ ಬಂತು, ಉಳಿದದ್ದೆಲ್ಲ ಅವನದು. ಸೆಕೆಯಾದರೂ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಸಾಸಿವೆಯಂಥ ತುಂಡುಗಳು ಹಾರಿಹೋದರೆ ಹುಡುಕುವವರು ಯಾರು? ಪ್ಲಾಸ್ಟಿಕ್ಕಿನ ಚೌಕಟ್ಟಿನಿಂದ ಕತ್ತರಿಸಿ ಬಿಡಿಸಿದ ಪ್ರತಿ ತುಂಡನ್ನೂ ಅವನು ಸಣ್ಣ ಅರದಿಂದ ಉಜ್ಜಿ, ಕೆಳತುಟಿಗೆ ಸವರಿ ನೋಡುತ್ತಿದ್ದ. ಬೆರಳಿಗೆ ತಿಳಿಯದ ಮುಳ್ಳು ತುಟಿಗೆ ತಿಳಿಯುತ್ತದಂತೆ. ಚಕ್ರಗಳನ್ನು ಕೂರಿಸಿದ ದಿನ ಕಾರನ್ನು ಮಟ್ಟಸವಾದ ಕನ್ನಡಿಯ ಮೇಲಿಟ್ಟು ಮೂಲೆಮೂಲೆ ಒತ್ತಿ, ಹಿಂದಿನದೊಂದು ನೆಲ ಮುಟ್ಟುತ್ತಿಲ್ಲ ಎಂದ. ಅವಳು ಕನ್ನಡಕ ಏರಿಸಿ, ಬಗ್ಗಿ ನೋಡಿದಳು. ಎಲ್ಲ ಸರಿಯಾಗಿಯೇ ಕಂಡಿತು. ಸಾಲದ್ದಕ್ಕೆ, ನಿಮ್ಮದು ಯಾಕೋ ಅತಿಯಾಯಿತು ಎಂದೂ ಅಂದುಬಿಟ್ಟಳು. ಅವನು ಕಾಗದದ ಚೂರೊಂದನ್ನು ಆ ಚಕ್ರದಡಿ ತೂರಿಸಲು ಹೇಳಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾಗದ ಆಚೆ ಬಂತು. ಅವನು ಚಕ್ರವನ್ನು ಕಿತ್ತು, ಮತ್ತೆ ಅರ ಹಿಡಿದ. ಮೇಸ್ತ್ರಿಯ ಕೈಗುಣ ಎಂಥದ್ದೆಂದು ಗಿರಾಕಿಗಳ ಬಾಯಲ್ಲಿ ಅವಳು ಜೀವಮಾನವಿಡೀ ಕೇಳಿದ್ದಳು. ಎದುರಿಗೆ ಕೂತು ನೋಡಿದ್ದು ಇದೇ ಮೊದಲು.

ಕೆಂಪು ಬಣ್ಣ ಬಳಿದದ್ದೂ ಆಯಿತು. ಕೊನೆಗೆ ಉಳಿದದ್ದು ಮುಂದಿನ ಗಾಜು. ಉಗುರಿನಷ್ಟು ತೆಳ್ಳನೆಯ, ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ಕು, ಇದ್ದದ್ದು ಒಂದೇ. ಅಂಚು ಬಿಟ್ಟು ಮೇಲ್ಮೈಗೆ ಅಂಟು ಸೋಕಿತೋ, ಬೆಳ್ಳಗೆ ಪೊರೆ ಕಟ್ಟಿಬಿಡುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಇದು ಕಣ್ಣಿದ್ದವರ ಕೆಲಸ, ನೀನೇ ಮಾಡು ಎಂದು ಮೇಸ್ತ್ರಿ ಕೈ ಹಿಂದಕ್ಕೆಳೆದುಕೊಂಡ. ಹಾಗೆನ್ನುವಾಗ ಅವನ ಮುಖ ಚಿಕ್ಕದಾದದ್ದನ್ನು ಅವಳು ಗಮನಿಸದೆ ಇರಲಿಲ್ಲ.

ಹೊರಗೆ ಆಗಲೇ ಕತ್ತಲಾಗಿತ್ತು. ಮೇಜಿನ ದೀಪದಡಿ ಉಸಿರು ಬಿಗಿಹಿಡಿದು, ಕಡ್ಡಿಯ ತುದಿಯಿಂದ ಗಾಜಿನ ಕೆಳಗಿನ ಅಂಚಿಗೆ ಅಂಟು ಸವರಿದಳು. ಚಿಮುಟದಲ್ಲಿ ಅದನ್ನು ಎತ್ತಿ ಹಿಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

"ರೀ, ದೀಪ ಹೋಯ್ತು. ನಂಗೇನೂ ಕಾಣ್ತಿಲ್ಲ."

"ಅಂಟು ಹಚ್ಚಿಬಿಟ್ಟಿದ್ದೀಯಾ?"

"ಹೂಂ. ಒಣಗಿಬಿಡತ್ತೆ ಈಗ. ಕೈ ಬೇರೆ ನಡುಗ್ತಿದೆ."

"ಗಾಜು ಬಿಡಬೇಡ, ಹಾಗೇ ಹಿಡ್ಕೋ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವನ ಬಲಗೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ನಡುಕ ನಿಂತಿತು. ಎಡಗೈಯ ಕಿರುಬೆರಳಿನಿಂದ ಅವನು ಗಾಜು ಕೂರಬೇಕಾದ ಗೀರನ್ನು ಹುಡುಕಿ, ಅದರ ತುದಿಯಲ್ಲಿ ಉಗುರನ್ನು ಗುರುತಿಗೆ ಊರಿದ. ಆಮೇಲೆ ಅವಳ ಕೈಯನ್ನು ಮೆಲ್ಲನೆ ಮುಂದಕ್ಕೆ ನಡೆಸಿದ. ಎಲ್ಲಿ ಏನನ್ನು ಬೀಳಿಸುತ್ತೇನೋ ಎಂಬ ಭಯ ಅವಳಿಗೆ. ಅವನೋ, ಸ್ವಂತ ಅಂಗಳದಲ್ಲಿ ಓಡಾಡುವವನಂತೆ ನಿರಾಳವಾಗಿದ್ದ. ಈ ಕತ್ತಲಲ್ಲೇ ಅವನು ಬೆಳಿಗ್ಗೆ ಏಳುತ್ತಾನೆ, ಗಡ್ಡ ಹೆರೆದುಕೊಳ್ಳುತ್ತಾನೆ, ತಮಾಷೆ ಮಾಡುತ್ತಾನೆ. ತನಗೆ ಅರೆಗಳಿಗೆ ತಡೆಯಲಾಗುತ್ತಿಲ್ಲ. ಒಂದು ಸಲವಾದರೂ ಭಯ ಎಂದವನಲ್ಲ, ಪುಣ್ಯಾತ್ಮ.

"ಇಳಿಸು," ಎಂದ. ಇಳಿಸಿದಳು. ಗಾಜು ಗೀರಿನೊಳಗೆ ಕೂತದ್ದು ಇಬ್ಬರ ಬೆರಳಿಗೂ ಒಟ್ಟಿಗೇ ತಿಳಿಯಿತು. ಅಂಟು ಬಿಗಿಯುವ ತನಕ ಅಲ್ಲಾಡಬೇಡ ಎಂದ. ಅವಳು ಅಲ್ಲಾಡಲಿಲ್ಲ.

ದೀಪ ಬಂತು. ಕೆಂಪು ಕಾರಿನ ಮುಂದೆ ಗಾಜು ನೆಟ್ಟಗೆ ನಿಂತಿತ್ತು. ಒಂದು ಕಲೆಯಿಲ್ಲ, ಒಂದು ಎಳೆಯಿಲ್ಲ. ಅದರಾಚೆ ಪುಟ್ಟ ಸ್ಟಿಯರಿಂಗು ನಿಚ್ಚಳವಾಗಿ ಕಾಣುತ್ತಿತ್ತು. ಅವಳು ಕಾರನ್ನು ನೋಡಿದಳು. ಆಮೇಲೆ, ಕತ್ತು ತುಸು ಓರೆಮಾಡಿ, ಜೀವವನ್ನೆಲ್ಲ ಬೆರಳ ತುದಿಗೆ ತಂದುಕೊಂಡು ಕೂತಿದ್ದ ಗಂಡನನ್ನು ನೋಡಿದಳು.

"ಕರೆಂಟು ಬಂತಾ?" ಎಂದ.

"ಇಲ್ಲ, ಇನ್ನೂ ಕತ್ತಲೆ," ಎಂದಳು. "ಹಿಡ್ಕೊಂಡೇ ಇರಿ."

ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ರೆಂದು ಶುರುವಾಯಿತು. ಮೇಸ್ತ್ರಿ ಆ ಕಡೆಗೆ ಕಿವಿಗೊಟ್ಟ.

"ಹೌದು," ಎಂದ. "ಇನ್ನೂ ಬಂದಿಲ್ಲ." ಹಿಡಿದ ಕೈ ಬಿಡಲಿಲ್ಲ.