ದವನದ ಅತ್ತರು

ಮುದುಕ ಬಾಟಲಿಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಜನರನ್ನು ಸರಿಸಿಕೊಂಡು ನೇರವಾಗಿ ಐಶ್ವರ್ಯಳ ಎದುರು ಬಂದು ನಿಂತ. ಕಣ್ಣು ಮುಚ್ಚಿದ. ಅವಳ ಕೊರಳಿನ ಕಡೆ ಮುಖ ಚಾಚಿ ಉಸಿರೆಳೆದುಕೊಂಡ.

ಗೋಕಾಕದ ಆ ಸುಗಂಧದಂಗಡಿಯಲ್ಲಿ ಅಂದು ಹೊಸ ಸೆಂಟೊಂದರ ಬಿಡುಗಡೆ. ಬಾಗಿಲಿಗೆ ಬಲೂನು, ಮೇಜಿನ ಮೇಲೆ ನೀಲಿ ಬಾಟಲಿಗಳ ಗೋಪುರ. ಬಂದವರ ಮಣಿಕಟ್ಟಿಗೆ ಒಂದು ಸಿಂಪಡಣೆ, ಜೊತೆಗೊಂದು ನಗು. ಐಶ್ವರ್ಯಳ ಕೆಲಸ ಅಷ್ಟೇ. ಅವಳು ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದಳು.

"ಕೈ ಕೊಡ್ರಿ ಕಾಕಾ. ಇವತ್ತ ಬಂದ ಹೊಸಾ ಸೆಂಟ್ ಐತಿ."

"ಅದಲ್ಲ," ಎಂದ ಮುದುಕ. "ನೀ ಹಚಗೊಂಡಿದ್ದು. ಯಾರ ಕೊಟ್ರು?"

ಅವಳ ಮೈ ಜುಮ್ಮೆಂದಿತು. ಹತ್ತಾರು ಬಗೆಯ ವಾಸನೆ ಆ ಗಾಳಿಯಲ್ಲಿ ಕಲಸಿಹೋಗಿತ್ತು. ಅದರೊಳಗಿಂದ ತನ್ನ ಕಿವಿಯ ಹಿಂದಿನ ಒಂದು ಹನಿ ಅತ್ತರನ್ನು ಇವನು ಹೆಕ್ಕಿ ತೆಗೆದಿದ್ದ.

"ನಾನ ತಗೊಂಡೇನ್ರಿ. ಸಂಕೇಶ್ವರದಾಗ."

"ಸುಳ್ಳು." ದನಿ ಮೆತ್ತಗಿತ್ತು. ಕೈ ಮುಂದೆ ಬಂತು. ಎಡಗೈ ಮೊಣಕೈವರೆಗೆ ಸುಟ್ಟು ಸುಕ್ಕುಗಟ್ಟಿತ್ತು.

ಮಾಲೀಕ ಮಹಾಂತೇಶ ಓಡಿ ಬಂದು ಅವನನ್ನು ತೋಳು ಹಿಡಿದು ಹೊರಗೆ ಬಿಟ್ಟುಬಂದ. "ಹುಕ್ಕೇರಿ ಶೆಟ್ಟೆಪ್ಪ. ಒಂದ ಕಾಲಕ್ಕ ಹೂ ಕುದಿಸಿ ಅತ್ತರ ಇಳಸೂದ್ರಾಗ ದೊಡ್ಡ ಹೆಸರಿತ್ತು. ಈಗ ತಲಿ ನೆಟ್ಟಗಿಲ್ಲ. ಹರೇದ ಹುಡಿಗ್ಯಾರ ಮುಖಾ ನೋಡ್ಕೊಂತ ಊರೂರು ತಿರಗತಾನ. ನೀ ದೂರ ಇರು."

ಐಶ್ವರ್ಯ ಸುಳ್ಳು ಹೇಳಿದ್ದು ನಾಚಿಕೆಗೆ. ಅತ್ತರು ಅವಳ ಭಾವಿ ಗಂಡ ಶಿವಕುಮಾರ ಕೊಟ್ಟದ್ದು. ನಿಶ್ಚಯವಾದ ಸಂಜೆ ಗುಟ್ಟಾಗಿ ಅವಳ ಮುಷ್ಟಿಯಲ್ಲಿಟ್ಟದ್ದು. ಹೆಸರಿನ ಚೀಟಿಯಿಲ್ಲದ, ಮುಕ್ಕಾಲು ತುಂಬಿದ ಪುಟ್ಟ ಶೀಶೆ. ಮುಚ್ಚಳ ತೆರೆದರೆ ಮೊದಲು ದವನದ ತಂಪು, ಅದರ ಬೆನ್ನಿಗೆ ಕೇದಗೆ. "ಇದು ಅಂಗಡ್ಯಾಗ ಸಿಗೂ ಮಾಲ ಅಲ್ಲ. ನನ್ನ ಜೋಡಿ ಇದ್ದಾಗ ಅಷ್ಟ ಹಚಗೋ," ಎಂದಿದ್ದ. ಬಿಡುಗಡೆಯ ಹುರುಪಿನಲ್ಲಿ ಅವಳು ಆ ಮಾತು ಮೀರಿದ್ದಳು.

ಸಂಜೆ ಮೂಡಲಗಿ ಬಸ್ಸು ಹತ್ತಿ ಕೂತು ಹಿಂದಿರುಗಿ ನೋಡಿದಳು. ಕೊನೆಯ ಸೀಟಿನಲ್ಲಿ ಶೆಟ್ಟೆಪ್ಪ.

ಅರಭಾವಿಯಲ್ಲಿ ಕಾಲೇಜಿನ ಹುಡುಗರೆಲ್ಲ ಇಳಿದು ಬಸ್ಸು ಬರಿದಾಯಿತು. ಅವನು ಎದ್ದು ಬಂದು ಅವಳ ಮುಂದಿನ ಸೀಟಿನಲ್ಲಿ ಕೂತ, ಕತ್ತು ತಿರುಗಿಸಿದ.

"ಲಗ್ನ ಗೊತ್ತಾಗೇತೇನವ್ವಾ?"

ಅವಳು ಎದ್ದು ಹೋಗಿ ಕಂಡಕ್ಟರನ ಪಕ್ಕ ನಿಂತಳು. ಮೂಡಲಗಿಯಲ್ಲಿ ಅವನೂ ಇಳಿದ. ಅವಳ ಓಣಿಯ ಎದುರಿನ ಬೇವಿನ ಮರದ ಕೆಳಗೆ ಕೂತ. ಮರುದಿನವೂ ಅದೇ ಬಸ್ಸು, ಅದೇ ಬೇವಿನ ಮರ. ಬೈದರೂ ಕದಲುತ್ತಿರಲಿಲ್ಲ. ಅವನ ಕಣ್ಣು ಅವಳಿಗಿಂತ ಹೆಚ್ಚಾಗಿ ಅವಳ ಮನೆಗೆ ಬಂದುಹೋಗುವವರ ಮೇಲಿತ್ತು.

ಅವ್ವ ಲಕ್ಕವ್ವ ಕದಕ್ಕೆ ಚಿಲಕ ಹಾಕಿದಳು. ಐಶ್ವರ್ಯ ಶಿವಕುಮಾರನಿಗೆ ಫೋನು ಮಾಡಿ, ಮುದುಕ ಅತ್ತರಿನ ಬಗ್ಗೆ ಕೇಳಿದ್ದು, ಬೆನ್ನು ಬಿದ್ದದ್ದು ಎಲ್ಲ ಹೇಳಿದಳು. ಅವನು ಮೊದಲು ನಕ್ಕ.

"ನೋಡಾಕ ಹೆಂಗ ಅದಾನ?"

"ತೆಳ್ಳಗ. ಎಡಗೈ ಸುಟ್ಟೈತಿ."

ಆ ಕಡೆ ನಗು ಥಟ್ಟನೆ ನಿಂತಿತು.

"ನನ್ನ ಹೆಸರ ಹೇಳಿದೇನು?"

"ಇಲ್ಲ. ಪೊಲೀಸರಿಗೆ ಹೇಳೂಣೇನು?"

"ಬ್ಯಾಡ. ಲಗ್ನದ ಹುಡುಗಿ, ಹೆಸರ ಕೆಡತೈತಿ. ಅವನ ಕೂಡ ಒಂದ ಮಾತೂ ಆಡಬ್ಯಾಡ. ನಾಳೆ ಸಂಜಿಮುಂದ ನಾನ ಕಾರ್ ತಗೊಂಡ ಬರ್ತೇನಿ. ಆ ಶೀಶಾನೂ ತಗೊಂಡ ಬಾ."

ಮಾತು ಮೀರಿದ್ದಕ್ಕೆ ಸಿಟ್ಟಾಗಿದ್ದಾನೆ ಎಂದುಕೊಂಡಳು. ಆದರೂ ಎದೆಯ ಭಾರ ಇಳಿಯಿತು. ತನಗೆ ಒಬ್ಬನಿದ್ದಾನೆ.

ಮರುದಿನ ಸಂಜೆ ಗೋಕಾಕ ಬಸ್‌ಸ್ಟ್ಯಾಂಡಿನ ಪಕ್ಕ ಬಿಳಿ ಕಾರು ಬಂದು ನಿಂತಿತು. ಐಶ್ವರ್ಯ ಓಡಿದಳು. ಕಬ್ಬಿನ ಹಾಲಿನ ಗಾಡಿಯ ಹಿಂದಿನಿಂದ ಶೆಟ್ಟೆಪ್ಪನೂ ಓಡಿದ. ಆ ವಯಸ್ಸಿಗೆ ಅಷ್ಟು ವೇಗ ಎಲ್ಲಿತ್ತೋ! ಅವಳು ಒಳಗೆ ಬಿದ್ದು, ಬಾಗಿಲೆಳೆದುಕೊಂಡು, ತಾನೇ ಲಾಕು ಒತ್ತಿದಳು.

"ಶೀಶಾ ತಂದೀ?" ಎಂದ ಶಿವಕುಮಾರ. ಬೇರೇನೂ ಕೇಳಲಿಲ್ಲ.

ಅವಳು ಕೊಟ್ಟಳು. ಅವನು ಕಾರು ತಿರುಗಿಸಿದ, ಮೂಡಲಗಿಯ ಕಡೆಗಲ್ಲ. ಅಷ್ಟರಲ್ಲಿ ಸ್ಟ್ಯಾಂಡಿನಿಂದ ಹೊರಟ ಬಸ್ಸೊಂದು ಅಡ್ಡ ನಿಂತಿತು. ಸುಟ್ಟ ಕೈ ಅವಳ ಕಡೆಯ, ಅರ್ಧ ಇಳಿದಿದ್ದ ಗಾಜನ್ನು ಬಡಿಯಿತು. ಮುದುಕ ಈಗ ಅವಳನ್ನು ನೋಡುತ್ತಿರಲಿಲ್ಲ. ಶಿವಕುಮಾರನ ಮುಖವನ್ನೇ ನೋಡುತ್ತಿದ್ದ.

"ಇವನ ಕೊಟ್ನೇನವ್ವಾ?"

"ಗ್ಲಾಸ್ ಏರಸು!" ಎಂದು ಕೂಗಿದ ಶಿವಕುಮಾರ. ಹಾರ್ನ್ ಒತ್ತಿದ. ಒತ್ತಿದ ಕೈ ತೆಗೆಯಲೇ ಇಲ್ಲ; ಆ ಸದ್ದಿನಲ್ಲಿ ಮುದುಕನ ಮಾತು ಮುಳುಗಿಹೋಗುತ್ತಿತ್ತು. ಗಾಜು ಏರಿತು. ನಾಲ್ಕು ಬೆರಳಿನಷ್ಟು ಸಂದು ಉಳಿದಿತ್ತು. ಆ ಸಂದಿಗೆ ಶೆಟ್ಟೆಪ್ಪ ಬಾಯಿಟ್ಟ. ಗುಂಡಿಯ ಮೇಲಿದ್ದ ಐಶ್ವರ್ಯಳ ಬೆರಳು ಅಲ್ಲೇ ನಿಂತಿತು.

"ಆ ಅತ್ತರ ಜಗತ್ತಿನ್ಯಾಗ ಒಂದ ಒಂದ ಶೀಶಾ ಐತವ್ವಾ! ನನ್ನ ಮಗಳು ಮಾಲಾನ ಸಲುವಾಗಿ ನಾನ ಇಳಿಸಿದ್ದು. ಆಕಿ ಕಾಣೆಯಾದ ದಿನ ಆಕಿ ಪರ್ಸಿನ್ಯಾಗಿತ್ತು!"